ಆರೋಗ್ಯ ವಿಜ್ಞಾನದ ಮೊದಲ ಮೆಟ್ಟಿಲು
(ಹಳ್ಳಿಯ ವಿದ್ಯಾರ್ಥಿಗಳಿಗೂ ಪಾಲಕರಿಗೂ ಒಂದು ಪಾಠ)



ಪರೀಕ್ಷೆಯ ಫಲಿತಾಂಶಗಳು ಬಂದು, ಮಿರ್ಗದ ಮಳೆ ಹಿಡಿಯುವ ಹೊತ್ತಿಗೆ ಖಾನಾಪುರ ತಾಲೂಕಿನ ಅನೇಕ ಮನೆಗಳಲ್ಲಿ ಎರಡು ಚಿಂತೆಗಳು ಕೂಡಿಯೇ ಬರುತ್ತವೆ. ಒಂದು ಭತ್ತದ ಬಿತ್ತಿಗೆಯದು, ಇನ್ನೊಂದು ಮಕ್ಕಳ ಮುಂದಿನ ಓದಿನದು. ಬಿತ್ತಿಗೆಯ ವಿಷಯದಲ್ಲಿ ನಮ್ಮ ರೈತರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಓದಿನ ವಿಷಯದಲ್ಲಿ ಮಾತ್ರ ಅವರು ಊರ ಮಾಸ್ತರರ ಕಟ್ಟೆಗೆ ಬರುತ್ತಾರೆ. ಬೀಡಿ, ಇಟಗಿ, ನಂದಗಡದ ಕಡೆ ಕೇಳಿಬರುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

“ಮಾಸ್ತರ, ನಮ್ಮ ಹುಡುಗಿ ಸಾಯನ್ಸ್ ತಗೊಂಡು ಪಿಯುಸಿ ಪಾಸಾಗ್ಯಾಳ್ರೀ. ಡಾಕ್ಟರಕಿ ಓದಸೂದು ನಮ್ಮ ಕೈಲೆ ಆಗೂದಿಲ್ಲ. ಮತ್ತ ಇಲ್ಲಿಗೇ ಬಿಡಿಸಿಬಿಡ್ಲೇನ್ರೀ?”

“ಯಜಮಾನ್ರ, ದವಾಖಾನಿ ಅಂದ್ರ ಡಾಕ್ಟರು ಒಬ್ಬರೇ ಏನ್ರೀ? ರಕ್ತ ತಪಾಸ ಮಾಡಾವ್ರು ಯಾರು? ಎಕ್ಸ್‌ರೇ ತಗ್ಯಾವ್ರು ಯಾರು? ಬಾಣಂತೀನ್ನ ನೋಡಿಕೊಳ್ಳಾವ್ರು ಯಾರು? ಅವರೂ ಓದೇ ಬಂದಾರ. ಹುಡುಗೀನ್ನ ಬಿಡಸಬ್ಯಾಡ್ರಿ. ಮೊದಲ ದಾರಿ ತಿಳಕೋರಿ.”

ಆ ದಾರಿಯನ್ನು ತಿಳಿಸುವದೇ ಈ ಪಾಠದ ಉದ್ದೇಶ. ಯಾವ ಓದು ಎಲ್ಲಿಗೆ ಮುಟ್ಟಿಸುತ್ತದೆ, ಮೊದಲ ವರ್ಷದಲ್ಲಿ ಏನು ಕಲಿಸುತ್ತಾರೆ, ಎಲ್ಲಿ ಎಡವುವ ಸಂಭವವಿದೆ ಎಂಬ ಮೂರು ಸಂಗತಿಗಳನ್ನು ಕ್ರಮವಾಗಿ ನೋಡೋಣ.

ಪದವಿಯ ಮನೆಗೆ ಬಾಗಿಲು ಒಂದೇ ಅಲ್ಲ

ಬೆಳಗಾವಿ ನಗರವು ವಿದ್ಯೆಗೆ ಹೆಸರಾದ ಊರು. 1916 ರಲ್ಲಿ ಏಳು ಜನ ಶಿಕ್ಷಕರು ಕೂಡಿ ಇಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆಯಿಂದ 1963 ರಲ್ಲಿ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯವು ಪ್ರಾರಂಭವಾಯಿತು. ಅದು ಈಗ ಅದೇ ಸಂಸ್ಥೆಯ ವಿಶ್ವವಿದ್ಯಾಲಯದ ಅಂಗವಾಗಿದೆ. ಜಿಲ್ಲಾ ಆಸ್ಪತ್ರೆಗೆ ಹೊಂದಿಕೊಂಡು ಸರಕಾರದ ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಜನರು ಬಿಮ್ಸ್ ಎಂದು ಕರೆಯುವ ಕಾಲೇಜು ನಡೆಯುತ್ತಿದೆ. ರಾಜ್ಯದ ಆರೋಗ್ಯ ಶಿಕ್ಷಣದ ಕಾಲೇಜುಗಳಲ್ಲಿ ಬಹುಭಾಗವು 1996 ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಖಾನಾಪುರದಿಂದ ಬೆಳಗಾವಿ ದೂರವೇನೂ ಅಲ್ಲ. ಸುಮಾರು 25 ಕಿಲೋಮೀಟರು. ರೈಲು ಮಾರ್ಗವೂ ಇದೆ, ಬಸ್ಸೂ ಇದೆ.

ಈಗ ದಾರಿಗಳನ್ನು ಎಣಿಸೋಣ.

ಒಂದನೆಯದು, ಎಮ್.ಬಿ.ಬಿ.ಎಸ್. ಇದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ‘ನೀಟ್’ ಎಂಬ ರಾಷ್ಟ್ರೀಯ ಪರೀಕ್ಷೆಯಲ್ಲಿ ಒಳ್ಳೆಯ ಸ್ಥಾನ ಪಡೆಯಬೇಕು. ಈ ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತದೆಂಬುದನ್ನು ಅನೇಕರು ಅರಿಯರು. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಆಸ್ಪತ್ರೆಯ ಕೆಲಸ.

ಎರಡನೆಯದು, ಬಿ.ಎಸ್‌ಸಿ. ನರ್ಸಿಂಗ್. ಪಿಯುಸಿ ವಿಜ್ಞಾನದ ನಂತರ ನಾಲ್ಕು ವರ್ಷ.

ಮೂರನೆಯದು, ಮೆಟ್ಟಿಲು ಮೆಟ್ಟಿಲಾಗಿ ಏರುವ ದಾರಿ. ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರಿಗೂ ಎ.ಎನ್.ಎಮ್. ಎಂಬ ಎರಡು ವರ್ಷದ ಶಿಕ್ಷಣ ಉಂಟು. ನಮ್ಮ ಊರಿನ ಉಪಕೇಂದ್ರಕ್ಕೆ ಬರುವ ನರ್ಸಬಾಯಿಯರು ಓದಿದ್ದು ಇದನ್ನೇ. ಅದರ ಮೇಲೆ ಜಿ.ಎನ್.ಎಮ್. ಎಂಬ ಮೂರು ವರ್ಷದ ಡಿಪ್ಲೊಮಾ. ಅದನ್ನು ಮುಗಿಸಿದವರಿಗೆ ಎರಡು ವರ್ಷದ ‘ಪೋಸ್ಟ್ ಬೇಸಿಕ್’ ಬಿ.ಎಸ್‌ಸಿ. ಇದ್ದು, ಕೆಲಸ ಮಾಡುತ್ತ ಹಣ ಕೂಡಿಸಿಕೊಂಡು ಮುಂದೆ ಪದವಿ ಪಡೆದವರು ಬಹಳ ಜನರಿದ್ದಾರೆ.

ನಾಲ್ಕನೆಯದು, ರಕ್ತ ಪರೀಕ್ಷೆ, ಎಕ್ಸ್‌ರೇ, ಶಸ್ತ್ರಕ್ರಿಯೆಯ ಕೋಣೆ, ಡಯಾಲಿಸಿಸ್ ಮೊದಲಾದ ಕೆಲಸಗಳ ಶಿಕ್ಷಣ. ಇವುಗಳಲ್ಲಿ ಡಿಪ್ಲೊಮಾವೂ ಇದೆ, ಪದವಿಯೂ ಇದೆ. ಡಿಪ್ಲೊಮಾ ಮುಗಿಸಿದವರನ್ನು ಅದೇ ವಿಷಯದ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಿಸಿಕೊಳ್ಳುವ ಪದ್ಧತಿಯನ್ನು ರಾಜೀವ ಗಾಂಧಿ ವಿಶ್ವವಿದ್ಯಾಲಯದ ನಿಯಮಗಳು ಹಾಕಿಕೊಟ್ಟವು. ಆದರೆ ಭೌತ, ರಸಾಯನ, ಜೀವಶಾಸ್ತ್ರಗಳನ್ನು ಓದಿರಬೇಕೆಂಬ ಕರಾರು ಅದರಲ್ಲಿತ್ತು. 2021 ರಲ್ಲಿ ಈ ವೃತ್ತಿಗಳಿಗಾಗಿ ರಾಷ್ಟ್ರೀಯ ಕಾಯದೆ ಬಂದ ಮೇಲೆ ಪಠ್ಯಕ್ರಮವನ್ನು ದೇಶಕ್ಕೆಲ್ಲ ಒಂದೇ ರೀತಿಯಾಗಿ ಮಾಡುವ ಕೆಲಸ ನಡೆದಿದೆ. ಆದ್ದರಿಂದ ಸೇರುವ ವರ್ಷದ ನಿಯಮವನ್ನು ಕೇಳಿಯೇ ಮುಂದುವರಿಯತಕ್ಕದ್ದು.

ಈ ನಾಲ್ಕೂ ದಾರಿಗಳಲ್ಲಿ ಒಂದು ಸಾಮ್ಯವಿದೆ. ಯಾವ ಬಾಗಿಲಿನಿಂದ ಹೊಕ್ಕರೂ ಪಡಸಾಲೆ ಒಂದೇ. ಡಾಕ್ಟರರಾಗುವವರೂ ನರ್ಸರಾಗುವವರೂ ರಕ್ತ ತಪಾಸಣೆ ಮಾಡುವವರೂ ಪ್ರಾರಂಭದಲ್ಲಿ ಶರೀರದ ಬಗ್ಗೆ ಅವೇ ಮೂಲಪಾಠಗಳನ್ನು ಕಲಿಯುತ್ತಾರೆ. ಆಳ ಮಾತ್ರ ಬೇರೆ.

ಒಂದು ಕೂಸು, ಐದು ಪುಸ್ತಕ

ಆ ಪಾಠಗಳು ಯಾವುವು? ಶರೀರರಚನೆ, ಶರೀರಕ್ರಿಯೆ, ಜೀವರಸಾಯನ, ರೋಗಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ. ಹೆಸರು ಕೇಳಿ ಅಂಜುವ ಕಾರಣವಿಲ್ಲ. ನಮ್ಮ ಮನೆಯ ಒಂದು ಸಂಗತಿಯನ್ನು ಇಟ್ಟುಕೊಂಡೇ ಐದನ್ನೂ ತಿಳಿಯಬಹುದು.

ಆಷಾಢದ ಮಳೆ. ಮಲಪ್ರಭೆ ಹುಟ್ಟುವ ಕಣಕುಂಬಿಯಿಂದ ಹಿಡಿದು ಕೆಳಗಿನ ಊರುಗಳ ತನಕ ಬಾವಿಗಳಿಗೆ ಹೊಸ ನೀರು ಬಂದಿದೆ. ಎರಡು ವರ್ಷದ ಒಂದು ಕೂಸಿಗೆ ಮುಂಜಾನೆಯಿಂದ ವಾಂತಿ, ಭೇದಿ. ಸಂಜೆಯ ಹೊತ್ತಿಗೆ ಕಣ್ಣು ಒಳಸೇರಿವೆ. ಹೊಟ್ಟೆಯ ಮೇಲಿನ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆಯು ಬೇಗ ಇಳಿಯುವದಿಲ್ಲ. ಈಗ ಐದು ಪುಸ್ತಕಗಳನ್ನು ತೆರೆಯೋಣ.

ಶರೀರರಚನೆ: ಇದು ‘ಎಲ್ಲಿ’ ಎಂಬ ಪ್ರಶ್ನೆಗೆ ಉತ್ತರ ಕೊಡುವ ಶಾಸ್ತ್ರ. ದೊಡ್ಡವರ ಸಣ್ಣಕರುಳು ಸುಮಾರು ಆರು ಮೀಟರು ಉದ್ದ. ಅದರ ಒಳಮೈ ನಯವಾಗಿಲ್ಲ. ಟರ್ಕಿ ಟವೆಲಿನಂತೆ ಲಕ್ಷಾಂತರ ಸಣ್ಣ ಎಳೆಗಳಿಂದ ತುಂಬಿದೆ. ಉಂಡ ಅನ್ನದ ಸಾರವೂ ಕುಡಿದ ನೀರೂ ರಕ್ತಕ್ಕೆ ಸೇರುವದು ಬಹುಮಟ್ಟಿಗೆ ಇಲ್ಲಿಂದಲೇ.

ಶರೀರಕ್ರಿಯೆ: ಇದು ‘ಹೇಗೆ’ ಎಂಬುದನ್ನು ಹೇಳುತ್ತದೆ. ಭೇದಿಯಾದಾಗ ಬರಿಯ ನೀರು ಕುಡಿಸಿದರೆ ಸಾಲದೇಕೆ? ಕರುಳಿನ ಗೋಡೆಯಲ್ಲಿ ಉಪ್ಪನ್ನು ಒಳಗೆ ಒಯ್ಯುವ ಒಂದು ಬಾಗಿಲಿದೆ. ಅದು ಉಪ್ಪು ಮತ್ತು ಗ್ಲೂಕೋಸ್ ಸಕ್ಕರೆ ಜೊತೆಯಾಗಿ ಬಂದಾಗಲೇ ತೆರೆಯುತ್ತದೆ. ಇವೆರಡೂ ಒಳಗೆ ಹೋದರೆ ನೀರು ಅವುಗಳ ಬೆನ್ನು ಹತ್ತಿ ಹೋಗುತ್ತದೆ. ಭೇದಿ ಜೋರಾಗಿರುವಾಗಲೂ ಈ ಬಾಗಿಲು ಕೆಡುವದಿಲ್ಲ. ಜೀವರಕ್ಷಕ ಪುಡಿ ಎಂದು ಕೊಡುವ ಓ.ಆರ್.ಎಸ್. ಪೊಟ್ಟಣದ ಗುಟ್ಟು ಇಷ್ಟೇ. 1971 ರಲ್ಲಿ ಬಾಂಗ್ಲಾ ನಿರಾಶ್ರಿತರು ಬಂಗಾಳದ ಬನಗಾಂವ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ ಡಾ. ದಿಲೀಪ ಮಹಲನಬಿಸ್ ಅವರು ಸಲಾಯಿನ್ ಸಾಲದೆ ಉಪ್ಪು-ಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4 ಕ್ಕಿಂತ ಕೆಳಗೆ ಇಳಿಯಿತು.

ಜೀವರಸಾಯನ: ಇದು ‘ಎಷ್ಟು’ ಎಂಬುದನ್ನು ಅಳೆಯುತ್ತದೆ. ಒಂದು ಲೀಟರ ನೀರಿನ ಪೊಟ್ಟಣದಲ್ಲಿ ಗ್ಲೂಕೋಸ್ 13.5 ಗ್ರಾಮು, ಅಡಿಗೆಯ ಉಪ್ಪು 2.6 ಗ್ರಾಮು, ಸೋಡಿಯಮ್ ಸಿಟ್ರೇಟ್ 2.9 ಗ್ರಾಮು, ಪೊಟ್ಯಾಸಿಯಮ್ ಕ್ಲೋರೈಡ್ 1.5 ಗ್ರಾಮು, ಒಟ್ಟು 20.5 ಗ್ರಾಮು ಇರುತ್ತದೆ. ಪೂರ್ಣ ಪೊಟ್ಟಣವನ್ನು ಒಂದು ಗ್ಲಾಸಿಗೆ ಸುರಿದರೆ ಉಪ್ಪು ಹೆಚ್ಚಾಗಿ ಕೂಸಿಗೆ ಅಪಾಯ. ಎರಡು ಲೀಟರಿಗೆ ಕದಡಿದರೆ ಗುಣವಿಲ್ಲ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ ಶುದ್ಧ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಳತೆಯೇ ಇಲ್ಲಿ ಔಷಧ.

ಸೂಕ್ಷ್ಮಜೀವಿಶಾಸ್ತ್ರ: ಇದು ‘ಯಾರಿಂದ’ ಎಂಬುದನ್ನು ಹುಡುಕುತ್ತದೆ. 1884 ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಅವರು ಕಲಕತ್ತೆಯಲ್ಲಿ ಕಾಲರಾ ರೋಗಾಣುವನ್ನು ಬೇರ್ಪಡಿಸಿ ತೋರಿಸಿದರು. ಸಣ್ಣ ಮಕ್ಕಳ ಭೇದಿಗೆ ಅನೇಕ ಸಲ ಕಾರಣವಾಗುವದು ರೋಟಾ ಎಂಬ ವೈರಸ್ಸು. ವೈರಸ್ಸಿನ ಭೇದಿಗೆ ಆಂಟಿಬಯೋಟಿಕ್ ಗುಳಿಗೆ ಕೊಟ್ಟರೆ ಹಣವೂ ಹಾಳು, ದೇಹಕ್ಕೂ ಕೇಡು.

ರೋಗಶಾಸ್ತ್ರ: ಇದು ರೋಗದಿಂದ ಅಂಗಗಳಲ್ಲಿ ಆಗುವ ಬದಲಾವಣೆಯನ್ನು ತೋರಿಸುತ್ತದೆ. ಕಾಲರಾದಲ್ಲಿ ಕರುಳಿನ ಒಳಮೈ ಹರಿಯುವದಿಲ್ಲ, ನೀರು ಮಾತ್ರ ಸೋರುತ್ತದೆ. ಆದ್ದರಿಂದ ಭೇದಿಯು ಅಕ್ಕಿ ತೊಳೆದ ನೀರಿನಂತಿರುತ್ತದೆ. ಆಮಶಂಕೆಯಲ್ಲಿ ಕರುಳಿಗೆ ಹುಣ್ಣಾಗುವದರಿಂದ ರಕ್ತವೂ ಲೋಳೆಯೂ ಬೀಳುತ್ತವೆ. ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ದವಾಖಾನೆಗೆ ಒಯ್ಯಬೇಕೆಂದು ನರ್ಸಬಾಯಿ ಹೇಳುವದರ ಕಾರಣ ಇದೇ.

ನೋಡಿದಿರಾ? ಪ್ರಾರಂಭದ ಈ ಐದು ಪುಸ್ತಕಗಳು ನಮ್ಮ ಮನೆಯ ಒಂದು ತೊಟ್ಟಿಲ ಸುತ್ತಲೇ ಕುಳಿತಿವೆ.

ಮುಂದಿನ ವರ್ಷಗಳಲ್ಲಿ ಇವುಗಳಿಗೆ ಸಮುದಾಯ ಆರೋಗ್ಯ ಎಂಬ ಆರನೆಯದು ಕೂಡುತ್ತದೆ. ಅದು ಒಂದು ಕೂಸನ್ನಲ್ಲ, ಊರನ್ನೇ ರೋಗಿಯೆಂದು ತಿಳಿಯುತ್ತದೆ. ಅದೇ ಬಾವಿಯ ನೀರು ಕುಡಿಯುವ ಮನೆಗಳೆಷ್ಟು, ಅವುಗಳಲ್ಲಿ ಭೇದಿ ಎಷ್ಟು ಮನೆಗೆ ಎಂದು ಕೇಳುತ್ತದೆ. 1957 ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಅರಣ್ಯದಲ್ಲಿ ಗೊತ್ತಾದ ಮಂಗನ ಕಾಯಿಲೆ, 2016 ರಲ್ಲಿ ಗೋವೆಯ ಗೇರು ತೋಟಗಳಿಗೆ ಕೂಲಿಗೆ ಹೋದ ಬೆಳಗಾವಿ ಜಿಲ್ಲೆಯವರಲ್ಲಿಯೂ ಕಂಡಿತು. ಜ್ವರ ಬಂದವನಿಗೆ “ಎಲ್ಲಿ ಕೆಲಸಕ್ಕ ಹೋಗಿದ್ರಿ?” ಎಂದು ಕೇಳುವ ಬುದ್ಧಿಯನ್ನು ಕಲಿಸುವದು ಈ ಆರನೆಯ ಪಾಠ. ಅಡವಿಯ ಅಂಚಿನ ತಾಲೂಕಿಗೆ ಇಂಥ ಪ್ರಶ್ನೆ ಕೇಳಬಲ್ಲ ಮಕ್ಕಳು ಬೇಕು.

ಒಂದು ಸಣ್ಣ ಲೆಕ್ಕ

ಗಣಿತ ಬಾರದೆಂದು ಹಿಂಜರಿಯುವ ವಿದ್ಯಾರ್ಥಿಗಳಿಗೆ ಈ ಲೆಕ್ಕ. ನಿಮ್ಮ ಮಣಿಕಟ್ಟಿನ ಮೇಲೆ ಬೆರಳಿಟ್ಟು ಒಂದು ನಿಮಿಷದ ನಾಡಿಯನ್ನು ಎಣಿಸಿರಿ. ಸುಮಾರು 70 ಎಂದಿಟ್ಟುಕೊಳ್ಳೋಣ. ಒಂದೊಂದು ಬಡಿತಕ್ಕೆ ಹೃದಯವು ಸುಮಾರು 70 ಮಿಲಿಲೀಟರ ರಕ್ತವನ್ನು ದೂಡುತ್ತದೆ. 70 ನ್ನು 70 ರಿಂದ ಗುಣಿಸಿದರೆ 4,900, ಅಂದರೆ ಹತ್ತಿರ ಹತ್ತಿರ 5 ಲೀಟರು. ದೊಡ್ಡವರ ಮೈಯಲ್ಲಿರುವ ರಕ್ತವೂ ಸುಮಾರು ಅಷ್ಟೇ. ಹಾಗಾದರೆ ಮೈಯ ಎಲ್ಲ ರಕ್ತವೂ ನಿಮಿಷಕ್ಕೊಂದು ಸುತ್ತು ಬರುತ್ತದೆ.

ಈ ಲೆಕ್ಕವನ್ನೇ ಹೆರಿಗೆಯ ಕೋಣೆಗೆ ಒಯ್ಯಿರಿ. ದಿನ ತುಂಬಿದ ಗರ್ಭಿಣಿಯ ಗರ್ಭಕೋಶಕ್ಕೆ ಒಂದೊಂದು ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಕೂಸು ಹುಟ್ಟಿ ಕಸ ಬಿದ್ದ ಮೇಲೆ ಗರ್ಭಕೋಶವು ಮುಷ್ಟಿಯಂತೆ ಬಿಗಿದುಕೊಂಡು ರಕ್ತನಾಳಗಳನ್ನು ಅದುಮಬೇಕು. ಅದು ಬಿಗಿಯದಿದ್ದರೆ ಎಷ್ಟು ನಿಮಿಷ ಉಳಿದಿವೆಯೆಂಬುದನ್ನು ನೀವೇ ಎಣಿಸಿಕೊಳ್ಳಬಹುದು. ಭೀಮಗಡದ ಅಡವಿಯೊಳಗಿನ ಊರುಗಳಿಂದ ಮಳೆಗಾಲದಲ್ಲಿ ರೋಗಿಯನ್ನು ಹೆಗಲ ಮೇಲೆ ಹೊತ್ತು ತಂದ ಪ್ರಸಂಗಗಳನ್ನು ನಾವು ಬಲ್ಲೆವು. ಬಾಣಂತಿಯ ರಕ್ತಸ್ರಾವವು ಅಷ್ಟು ಹೊತ್ತು ಕಾಯುವದಿಲ್ಲ.

ನಮ್ಮ ಜಿಲ್ಲೆಯ ನರ್ಸಬಾಯಿಯರು ಲೋಕಕ್ಕೆ ಕಲಿಸಿದ ಪಾಠ

ಎರಡು ವರ್ಷದ ಓದಿನವರಿಂದ ಏನಾದೀತು ಎನ್ನುವವರು ಈ ಸಂಗತಿಯನ್ನು ಲಕ್ಷ್ಯಕೊಟ್ಟು ಓದಬೇಕು.

2002 ರಿಂದ 2005 ರ ವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು ಅಮೇರಿಕದ ವಿದ್ವಾಂಸರೊಡನೆ ಕೂಡಿ ಒಂದು ಅಭ್ಯಾಸ ನಡೆಸಿದರು. ಗರ್ಭಕೋಶವನ್ನು ಬಿಗಿಗೊಳಿಸಲು ರೂಢಿಯಲ್ಲಿದ್ದ ಇಂಜೆಕ್ಷನ್ನನ್ನು ತಂಪಿನಲ್ಲಿ ಕಾಯ್ದಿಡಬೇಕು. ಕರೆಂಟು ನಿಲ್ಲದ ಊರಿನಲ್ಲಿ ಅದು ಕಷ್ಟ. ಅದಕ್ಕೆ ಬದಲಾಗಿ ಮಿಸೊಪ್ರೊಸ್ಟಾಲ್ ಎಂಬ ಬಾಯಿಂದ ನುಂಗುವ ಗುಳಿಗೆ ನಡೆದೀತೇ ಎಂಬುದು ಪ್ರಶ್ನೆ. 1,620 ಗರ್ಭಿಣಿಯರು ಒಪ್ಪಿ ಇದರಲ್ಲಿ ಸೇರಿದರು. ಸುಮಾರು ಅರ್ಧ ಜನರಿಗೆ ಗುಳಿಗೆ, ಉಳಿದವರಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಗುಳಿಗೆ. ಹೆರಿಗೆ ಮಾಡಿಸಿದವರು, ಗುಳಿಗೆ ಕೊಟ್ಟವರು, ರಕ್ತವನ್ನು ಅಳೆದವರು ಊರೂರಿನ ಎ.ಎನ್.ಎಮ್. ಓದಿದ ನರ್ಸಬಾಯಿಯರು. ಕಣ್ಣಳತೆಗೆ ಬಿಡದೆ, ಅಳತೆಯ ಗೆರೆಗಳುಳ್ಳ ಚೀಲವಿದ್ದ ಪ್ಲಾಸ್ಟಿಕ್ ಹಾಳೆಯನ್ನು ಬಾಣಂತಿಯ ಕೆಳಗೆ ಹಾಸಿ ರಕ್ತವನ್ನು ಅಳೆದರು.

ಫಲ ಹೀಗಾಯಿತು: ಅರ್ಧ ಲೀಟರು ಅಥವಾ ಅದಕ್ಕಿಂತ ಹೆಚ್ಚು ರಕ್ತಸ್ರಾವವಾದವರು ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ 12, ಔಷಧ ಕೊಟ್ಟ ಗುಂಪಿನಲ್ಲಿ 6.4. ತೀವ್ರ ರಕ್ತಸ್ರಾವವು ನೂರಕ್ಕೆ 1.2 ರಿಂದ 0.2 ಕ್ಕೆ ಇಳಿಯಿತು. 2006 ರಲ್ಲಿ ಇದು ಇಂಗ್ಲಂಡಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. 2011 ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬಾಣಂತಿಯ ರಕ್ತಸ್ರಾವವನ್ನು ತಡೆಯುವ ಸಲುವಾಗಿ ಈ ಗುಳಿಗೆಯನ್ನು ಅವಶ್ಯಕ ಔಷಧಗಳ ಯಾದಿಯಲ್ಲಿ ಸೇರಿಸಿತು. ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಬೇಕೆಂಬುದು ಇಂದಿಗೂ ಸರಿಯಾದ ಮಾತು. ಈ ಗುಳಿಗೆಯನ್ನು ತಿಳಿದವರ ಕೈಯಿಂದಲ್ಲದೆ ತೆಗೆದುಕೊಳ್ಳಲೂ ಬಾರದು. ಆದರೆ ಆಸ್ಪತ್ರೆ ದೂರವಿದ್ದಲ್ಲಿ ಲೋಕದ ಎಷ್ಟೋ ತಾಯಂದಿರ ಜೀವ ಉಳಿಸುವ ಜ್ಞಾನಕ್ಕೆ ನಮ್ಮ ಜಿಲ್ಲೆಯ ಹಳ್ಳಿಯ ಹೆಣ್ಣುಮಕ್ಕಳು ಸಾಕ್ಷಿಯಾಗಿ ನಿಂತರು. ಅವರ ಓದು ಚಿಕ್ಕದಿರಬಹುದು, ಅಳತೆ ಮಾತ್ರ ಚೊಕ್ಕವಾಗಿತ್ತು.

ಇಂಗ್ಲಿಷಿನ ತೊಡಕನ್ನು ಬಿಡಿಸುವ ಬಗೆ

ಕನ್ನಡ ಅಥವಾ ಮರಾಠಿ ಶಾಲೆಯಲ್ಲಿ ಓದಿ ಬಂದ ಜಾಣ ಮಕ್ಕಳು ಮೊದಲ ಆರು ತಿಂಗಳಲ್ಲಿಯೇ ಎದೆಗುಂದಿ ಮನೆಗೆ ಮರಳುವದುಂಟು. ಬುದ್ಧಿ ಸಾಲದೆ ಅಲ್ಲ, ಪುಸ್ತಕದ ಶಬ್ದಗಳಿಗೆ ಹೆದರಿ. ಆದರೆ ಆ ಶಬ್ದಗಳು ಇಂಗ್ಲಿಷ್ ಮನೆಯವರಿಗೂ ಹೊಸವೇ. ಬಹಳಷ್ಟು ಗ್ರೀಕ್, ಲ್ಯಾಟಿನ್ ಭಾಷೆಗಳಿಂದ ಬಂದವು. ನಮ್ಮ ಸಮಾಸಪದಗಳಂತೆ ಅವುಗಳನ್ನು ಬಿಡಿಸಬಹುದು.

ಕಾರ್ಡಿಯೊ ಎಂದರೆ ಹೃದಯ. ಗ್ಯಾಸ್ಟ್ರೊ ಎಂದರೆ ಜಠರ. ಎಂಟರೊ ಎಂದರೆ ಕರುಳು. ಹೆಪಾಟೊ ಎಂದರೆ ಯಕೃತ್ತು. ನೆಫ್ರೊ ಎಂದರೆ ಮೂತ್ರಪಿಂಡ. ಹೀಮೊ ಎಂದರೆ ರಕ್ತ. ಕೊನೆಗೆ ‘ಐಟಿಸ್’ ಬಂದರೆ ಉರಿಯೂತ, ‘ಲಜಿ’ ಬಂದರೆ ಶಾಸ್ತ್ರ. ಈಗ ‘ಗ್ಯಾಸ್ಟ್ರೊಎಂಟರೈಟಿಸ್’ ಎಂಬ ಉದ್ದ ಶಬ್ದವನ್ನು ಬಿಡಿಸಿರಿ: ಜಠರ, ಕರುಳು, ಉರಿಯೂತ. ಮೇಲೆ ಹೇಳಿದ ಕೂಸಿನ ವಾಂತಿಭೇದಿಗೆ ಪುಸ್ತಕದ ಹೆಸರು ಇದೇ.

ದಿನಕ್ಕೆ ಹತ್ತು ಶಬ್ದಗಳನ್ನು ಒಂದು ವಹಿಯಲ್ಲಿ ಬರೆದು, ಎದುರಿಗೆ ಮನೆಯ ಮಾತಿನ ಅರ್ಥ ಬರೆಯಿರಿ. ನೂರು ದಿನಕ್ಕೆ ಸಾವಿರವಾಗುತ್ತದೆ. ಹನಿ ಹನಿ ಕೂಡಿದರೆ ಹಳ್ಳ. ಮುಂದೆ ರೋಗಿಯ ಹತ್ತಿರ ನಿಂತಾಗ ಎಡಗಡೆಯ ಶಬ್ದ ಡಾಕ್ಟರರಿಗೆ, ಬಲಗಡೆಯ ಶಬ್ದ ರೋಗಿಗೆ ಉಪಯೋಗಕ್ಕೆ ಬರುತ್ತದೆ. ಎರಡೂ ತಿಳಿದವರು ಆಸ್ಪತ್ರೆಯಲ್ಲಿ ಕಡಿಮೆ. ನಮ್ಮ ತಾಲೂಕಿನ ಮಕ್ಕಳಿಗೆ ಕನ್ನಡ, ಮರಾಠಿ, ಕೊಂಕಣಿಗಳಲ್ಲಿ ಎರಡಾದರೂ ಬರುತ್ತವೆ. ಇದು ಕೊರತೆಯಲ್ಲ, ಬಂಡವಾಳ.

ಮೋಸ ಹೋಗದಂತೆ ಎಚ್ಚರಿಕೆ

ಬೀಜ ಕೊಳ್ಳುವಾಗ ಚೀಲದ ಮೇಲಿನ ಮುದ್ರೆ ನೋಡುವ ರೈತನು ಮಗಳ ಕಾಲೇಜನ್ನು ಕೊಳ್ಳುವಾಗ ಗೋಡೆಯ ಬಣ್ಣ ನೋಡಿ ಬರಬಾರದು. ಮಾನ್ಯತೆಯಿಲ್ಲದ ಸಂಸ್ಥೆಯಲ್ಲಿ ಎರಡು ವರ್ಷ ಕಳೆದರೆ ಹೊಲ ಅಡವಿಟ್ಟ ಹಣವೂ ಹೋಗುತ್ತದೆ, ವಯಸ್ಸೂ ಹೋಗುತ್ತದೆ. ಸೇರುವ ಮೊದಲು ಈ ನಾಲ್ಕನ್ನು ಕೇಳತಕ್ಕದ್ದು:

1. ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು? ಅದರ ಈ ವರ್ಷದ ಯಾದಿಯಲ್ಲಿ ಈ ಕಾಲೇಜು, ಈ ವಿಷಯ ಇವೆಯೇ?

2. ಡಿಪ್ಲೊಮಾ ಆದರೆ ರಾಜ್ಯದ ಪ್ಯಾರಾಮೆಡಿಕಲ್ ಮಂಡಳಿಯ, ನರ್ಸಿಂಗ್ ಆದರೆ ರಾಜ್ಯದ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ?

3. ಕೈಕೆಲಸ ಕಲಿಯಲು ಯಾವ ಆಸ್ಪತ್ರೆ? ಅಲ್ಲಿ ರೋಗಿಗಳಿದ್ದಾರೆಯೇ? ಒಮ್ಮೆ ಹೋಗಿ ಕಣ್ಣಾರೆ ನೋಡಿರಿ.

4. ನಾಲ್ಕು ವರ್ಷದ ಒಟ್ಟು ಖರ್ಚೆಷ್ಟು? ಮೊದಲ ವರ್ಷದ ಶುಲ್ಕವನ್ನಷ್ಟೇ ಕೇಳಿ ಬರಬೇಡಿರಿ. ಊಟ, ವಸತಿ, ಪರೀಕ್ಷೆಯ ಶುಲ್ಕಗಳನ್ನೂ ಬರೆಯಿಸಿಕೊಳ್ಳಿರಿ.

“ಮನೆಯಲ್ಲಿಯೇ ಕುಳಿತು ಪದವಿ” ಎಂಬ ಜಾಹೀರಾತನ್ನು ನಂಬಬೇಡಿರಿ. 2021 ರ ಕಾಯದೆಯೊಳಗೆ ಬರುವ ಆರೋಗ್ಯ ವಿಷಯಗಳನ್ನು ದೂರಶಿಕ್ಷಣದಿಂದಾಗಲಿ ಆನ್‌ಲೈನ್‌ನಿಂದಾಗಲಿ ನಡೆಸಬಾರದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2025 ರ ಶೈಕ್ಷಣಿಕ ವರ್ಷದಿಂದ ನಿಷೇಧಿಸಿದೆ. ಪ್ರವೇಶ ಪರೀಕ್ಷೆಗಳ ನಿಯಮಗಳು ವರ್ಷ ವರ್ಷ ಬದಲಾಗುವದರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಪ್ರಕಟಣೆಯನ್ನೇ ಆಧಾರವಾಗಿ ಹಿಡಿಯಿರಿ. ಅರ್ಜಿಯ ಮುದ್ದತು, ಜಾತಿ-ಆದಾಯ ಪತ್ರ, ಕನ್ನಡ ಮಾಧ್ಯಮದ ದಾಖಲೆ, ಗ್ರಾಮೀಣ ದಾಖಲೆಗಳನ್ನು ಫಲಿತಾಂಶದ ಮೊದಲೇ ಸಿದ್ಧ ಮಾಡಿಕೊಂಡಿರಬೇಕು. ವಿದ್ಯಾರ್ಥಿವೇತನಕ್ಕೂ ಇವೇ ಕಾಗದಗಳು ಬೇಕಾಗುತ್ತವೆ.

ಊರಿನ ಪಾಲು

ಮಗಳೊಬ್ಬಳು ಬೆಳಗಾವಿಗೆ ಓದಲು ಹೋಗುವದು ಒಂದು ಮನೆಯ ಕೆಲಸವಲ್ಲ. ಹೈಸ್ಕೂಲಿನ ವಿಜ್ಞಾನ ಮಾಸ್ತರರು ಒಂಬತ್ತನೆಯ ಇಯತ್ತೆಯಿಂದಲೇ ಆಸಕ್ತ ಮಕ್ಕಳನ್ನು ಗುರುತಿಸಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯು ವರ್ಷಕ್ಕೊಮ್ಮೆ ಶಾಲೆಗೆ ಬಂದು ತಮ್ಮ ಕೆಲಸವನ್ನು ವಿವರಿಸಲಿ. ಯುವಕ ಮಂಡಳವು ಹಿಂದೆ ಓದಿದವರ ಪುಸ್ತಕಗಳನ್ನು ಕೂಡಿಸಿ ಒಂದು ಕಪಾಟು ಮಾಡಲಿ. ಮಹಿಳಾ ಮಂಡಳದವರು “ಹುಡುಗಿಗೆ ಇಷ್ಟು ಓದು ಯಾಕ?” ಎಂದು ಕೇಳುವ ಹಿರಿಯರ ಮನೆಗೆ ಹೋಗಿ ಈ ಪಾಠವನ್ನು ಓದಿ ಹೇಳಲಿ. ಆ ಹಿರಿಯರ ಸೊಸೆಯ ಹೆರಿಗೆಯ ರಾತ್ರಿ ಬಾಗಿಲಿಗೆ ಬರಬೇಕಾದವಳು ಅಂಥ ಒಬ್ಬ ಹುಡುಗಿಯೇ.

ಓದಿದ ಮೇಲೆ ವಿಚಾರಿಸಬೇಕಾದ ಪ್ರಶ್ನೆಗಳು

1. ಭೇದಿಯಾದ ಕೂಸಿಗೆ ಉಪ್ಪು ಮತ್ತು ಸಕ್ಕರೆ ಎರಡೂ ಏಕೆ ಬೇಕು? ಒಂದೇ ಸಾಲದೇಕೆ?

2. ನಿಮ್ಮ ನಾಡಿ ನಿಮಿಷಕ್ಕೆ 80 ಇದ್ದು, ಬಡಿತಕ್ಕೆ 70 ಮಿಲಿಲೀಟರಿನಂತೆ ಹೃದಯ ದೂಡಿದರೆ ಒಂದು ನಿಮಿಷಕ್ಕೆ ಎಷ್ಟು ರಕ್ತ? (ಉತ್ತರ: 5,600 ಮಿಲಿಲೀಟರ)

3. ‘ಹೆಪಟೈಟಿಸ್’, ‘ನೆಫ್ರಾಲಜಿ’ ಈ ಶಬ್ದಗಳನ್ನು ಬಿಡಿಸಿ ಅರ್ಥ ಹೇಳಿರಿ.

4. ಬೆಳಗಾವಿ ಜಿಲ್ಲೆಯ ಅಭ್ಯಾಸದಲ್ಲಿ ರಕ್ತವನ್ನು ಕಣ್ಣಳತೆಯಿಂದ ಹೇಳದೆ ಚೀಲದಿಂದ ಅಳೆದದ್ದೇಕೆ?

5. ನಿಮ್ಮ ಊರಿನಲ್ಲಿ ಈ ವರ್ಷ ಪಿಯುಸಿ ಮುಗಿಸಿದ ಮಕ್ಕಳೆಷ್ಟು? ಅವರಲ್ಲಿ ಮನೆಯಲ್ಲಿಯೇ ಉಳಿದವರು ಯಾರು? ಅವರ ಮನೆಗೆ ಈ ವಾರ ಯಾರು ಹೋಗಿ ಮಾತನಾಡುವಿರಿ?

ಮೊದಲಿನ ನಾಲ್ಕು ಪ್ರಶ್ನೆಗಳಿಗೆ ಉತ್ತರ ಈ ಪಾಠದಲ್ಲಿಯೇ ಸಿಗುತ್ತದೆ. ಐದನೆಯದಕ್ಕೆ ಉತ್ತರವನ್ನು ಊರವರೇ ಕೂಡಿ ಬರೆಯಬೇಕು.